ಹಳೇ ಕಾಗದದ ಮಿಲ್ಲುಗಳಲ್ಲಿ ತಿರುಳನ್ನು ಬೆಳ್ಳಗೆ ಮಾಡುತ್ತಿದ್ದದ್ದು ಹೇಗೆ?

ಪ್ರಶ್ನೆ: ನನಗೆ ಹಳೇ ಪುಸ್ತಕ ಕೂಡಿಸುವ ಹುಚ್ಚು. ಲಂಡನ್ನಿನಲ್ಲಿ ಅಚ್ಚಾದ ಮೂರು ಇಂಗ್ಲಿಷ್ ಪುಸ್ತಕ ನನ್ನ ಹತ್ತಿರ ಇವೆ. 1770ರ ದಶಕದ್ದು ಇವತ್ತಿಗೂ ಗಟ್ಟಿಯಾಗಿದೆ. 1820ರ ದಶಕದ್ದು ನೋಡೋಕೆ ಬೆಳ್ಳಗಿದೆ, ಆದರೆ ಹಾಳೆಯ ಮೂಲೆ ಮಡಚಿದರೆ ಮುರಿದು ಬೀಳುತ್ತದೆ. 1890ರ ದಶಕದ್ದು ಕಂದು ಬಣ್ಣಕ್ಕೆ ತಿರುಗಿ ಪುಡಿ ಉದುರುತ್ತಿದೆ. ಆಗಿನ ಮಿಲ್ಲುಗಳಲ್ಲಿ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು ಅಂತ ಓದಿದೆ. ಅದಕ್ಕೆ ಬೇರೆ ಯಂತ್ರ ಇತ್ತಾ, ಇಲ್ಲಾ ಸುಮ್ನೆ ತೊಟ್ಟಿಯಲ್ಲಿ ಸುರಿದು ಕಲಕುತ್ತಿದ್ದರಾ? ಪುಸ್ತಕ ಹಾಳಾಗಿರುವುದು ಅದರಿಂದಲೇನಾ? ಆ ಕಂದು ಹಾಳೆಗಳನ್ನು ನಾನೇ ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ಬೆಳ್ಳಗೆ ಮಾಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕಂದ್ರೆ ಅದು ಅವಸರದ್ದು. ದಯವಿಟ್ಟು ಅದ್ದಬೇಡಿ. ಬೆಳ್ಳಗಾದರೂ ಒಂದು ವಾರ ಹಾಳೆ ಚೆಂದ ಕಾಣಬಹುದು ಅಷ್ಟೇ. ಆಮೇಲೆ ಈಗ ಇರುವುದಕ್ಕಿಂತ ಬೇಗ ಪುಡಿಯಾಗುತ್ತದೆ. ಯಾಕೆ ಅನ್ನೋದು ನಿಮ್ಮ ಉಳಿದ ಪ್ರಶ್ನೆಗಳ ಉತ್ತರದಲ್ಲೇ ಇದೆ.

ನಾನು ಪಲ್ಪ್ ಮಿಲ್ಲಿನ ಬ್ಲೀಚಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಅಲ್ಲಿ ಕಲಿತದ್ದರಲ್ಲಿ ಒಂದು ಮಾತು ಈ ಇಡೀ ವಿಷಯಕ್ಕೆ ಬೀಗದ ಕೈ ಇದ್ದ ಹಾಗೆ. ತಿರುಳನ್ನು, ಅಂದರೆ ಕಾಗದ ಮಾಡಲು ನೀರಿನಲ್ಲಿ ಅರೆದ ಎಳೆಗಳ ಮುದ್ದೆಯನ್ನು, ಬೆಳ್ಳಗೆ ಮಾಡುವುದಕ್ಕೆ ಒಂದು ಬಕೆಟ್ ಸಾಕು. ಬೆಳ್ಳಗೆ ಮಾಡಿದ ಮದ್ದನ್ನು ಆ ತಿರುಳಿನಿಂದ ಪೂರ್ತಿ ಆಚೆ ತೆಗೆಯುವುದಕ್ಕೆ ಒಂದು ಕಾರ್ಖಾನೆಯೇ ಬೇಕು. ಇನ್ನೂರು ವರ್ಷಗಳ ಹಿಂದಿನ ಬ್ಲೀಚಿಂಗ್ ಯಂತ್ರಗಳನ್ನು ನೋಡಿದರೆ ಹೆಚ್ಚಿನವು ತೊಳೆಯುವ ಯಂತ್ರಗಳೇ. ನಿಮ್ಮ 1820ರ ಪುಸ್ತಕ ಆ ಯಂತ್ರಗಳು ಪಳಗುವ ಮುಂಚಿನದು.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. 1770ರ ದಶಕದಲ್ಲಿ ಯುರೋಪಿನಲ್ಲಿ ಕಾಗದ ಅಂದರೆ ಚಿಂದಿ ಬಟ್ಟೆ. ಜಾಸ್ತಿ ಲಿನನ್, ಸ್ವಲ್ಪ ಹತ್ತಿ. ಬಿಳಿ ಕಾಗದ ಬೇಕಾದರೆ ಬಿಳಿ ಚಿಂದಿಯೇ ಬೇಕು. ಹೆಂಗಸರು ರಾಶಿ ರಾಶಿ ಚಿಂದಿಯ ಮುಂದೆ ಕೂತು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಬಣ್ಣದ್ದೆಲ್ಲ ಪೊಟ್ಟಣ ಕಟ್ಟುವ ಒರಟು ಕಾಗದಕ್ಕೆ ಹೋಗುತ್ತಿತ್ತು. ಬೆಳ್ಳಗೆ ಮಾಡುವ ಕೆಲಸ ಕಾಗದದ ಮಿಲ್ಲಿನದೇ ಅಲ್ಲ, ಅದು ಬಟ್ಟೆಯವರ ಕೆಲಸ. ಹಾಲೆಂಡಿನ ಹಾರ್ಲೆಮ್ ಊರಿನಲ್ಲಿ ಲಿನನ್ ಬಟ್ಟೆಯನ್ನು ಬೂದಿ ನೀರಲ್ಲಿ ಬೇಯಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲಿನ ಮೇಲೆ ಹರಡಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತಿದ್ದರು. ನಮ್ಮ ಅಗಸರು ಚೌಳು ಹಾಕಿ ಉಬ್ಬೆಗೆ ಇಟ್ಟು, ಆಮೇಲೆ ಹೊಳೆ ದಂಡೆಯ ಮರಳ ಮೇಲೆ ಒಣಗಿಸುತ್ತಿದ್ದರಲ್ಲ, ಅದೇ ದಾರಿ. ಆ ಬಟ್ಟೆಯನ್ನು ಜನ ಉಟ್ಟು, ಒಗೆದು, ಹರಿದು, ಚಿಂದಿಯಾದ ಮೇಲೆ ಅದು ಮಿಲ್ಲಿಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಬಿಸಿಲು, ಬೂದಿ, ನೀರು ಎಲ್ಲ ಸೇರಿ ಅದನ್ನು ಬೆಳ್ಳಗೂ ಮೆತ್ತಗೂ ಮಾಡಿರುತ್ತಿದ್ದವು. ಶಾಯಿ ಹರಡದಿರಲಿ ಅಂತ ಹಾಳೆಗೆ ಹಾಕುತ್ತಿದ್ದ ಅಂಟು ಪ್ರಾಣಿಗಳ ಚರ್ಮ, ಗೊರಸು ಕುದಿಸಿ ತೆಗೆದ ಜಿಲೆಟಿನ್. ಎಷ್ಟೋ ಮಿಲ್ಲುಗಳ ನೀರಿನಲ್ಲಿ ಸುಣ್ಣದ ಅಂಶ ಇರುತ್ತಿತ್ತು, ಅದೂ ಸ್ವಲ್ಪ ಹಾಳೆಯಲ್ಲಿ ಉಳಿಯುತ್ತಿತ್ತು. ನಿಮ್ಮ 1770ರ ಪುಸ್ತಕ ಗಟ್ಟಿ ಇರುವುದಕ್ಕೆ ಇದೇ ಕಾರಣ. ಅದರೊಳಗೆ ಹುಳಿ ಕಮ್ಮಿ.

1774ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಕ್ಲೋರಿನ್ ಅನಿಲವನ್ನು ಮೊದಲು ಬೇರೆ ಮಾಡಿದ. ಗಿಡದ ಬಣ್ಣವನ್ನು ಅದು ತೆಗೆದುಹಾಕುತ್ತದೆ ಅಂತಲೂ ಗಮನಿಸಿದ. ಅದರಿಂದ ಬಟ್ಟೆಯನ್ನು ಬೆಳ್ಳಗೆ ಮಾಡಬಹುದು ಅಂತ 1785ರ ಹೊತ್ತಿಗೆ ತೋರಿಸಿದ್ದು ಫ್ರಾನ್ಸಿನ ಬೆರ್ತೋಲೆ. ಈತನ ಬಗ್ಗೆ ನನಗೆ ತುಂಬಾ ಗೌರವ. ತನ್ನ ಕ್ರಮವನ್ನು ಪೇಟೆಂಟ್ ಮಾಡಿಕೊಳ್ಳಲಿಲ್ಲ, ಕೇಳಿದವರಿಗೆಲ್ಲ ಹೇಳಿಕೊಟ್ಟ. ಉಗಿ ಯಂತ್ರದ ಜೇಮ್ಸ್ ವಾಟ್ 1786ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ತಿಳಿದುಕೊಂಡು ಸ್ಕಾಟ್ಲೆಂಡಿನಲ್ಲಿ ಬಟ್ಟೆ ಬ್ಲೀಚ್ ಮಾಡುತ್ತಿದ್ದ ತನ್ನ ಮಾವನಿಗೆ ಮುಟ್ಟಿಸಿದ. ತಿಂಗಳುಗಳ ಕೆಲಸ ಗಂಟೆಗಳಿಗೆ ಇಳಿಯಿತು. ಕಾಗದದವರೂ ತಡ ಮಾಡಲಿಲ್ಲ. 1792ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಊರಿನ ಕ್ಲೆಮೆಂಟ್ ಮತ್ತು ಜಾರ್ಜ್ ಟೇಲರ್ ಚಿಂದಿಯನ್ನು ಕ್ಲೋರಿನ್‌ನಿಂದ ಬೆಳ್ಳಗೆ ಮಾಡುವ ಪೇಟೆಂಟ್ ಪಡೆದರು.

ಅವರಿಗೆ ಇದು ಯಾಕೆ ಅಷ್ಟು ಬೇಕಾಗಿತ್ತು ಅಂದರೆ, ಚಿಂದಿಯ ಬರ. ಓದುವವರು ಜಾಸ್ತಿ ಆದರು, ಚಿಂದಿ ಅಷ್ಟೇ ಇತ್ತು. 1798ರ ಸುಮಾರಿಗೆ ಫ್ರಾನ್ಸಿನಲ್ಲಿ ನಿಕೊಲಾ ಲೂಯಿ ರಾಬರ್ಟ್ ನಿಲ್ಲದೆ ಕಾಗದ ಹೊರಡಿಸುವ ಯಂತ್ರ ಮಾಡಿದ. 1803ರಲ್ಲಿ ಇಂಗ್ಲೆಂಡಿನ ಫ್ರಾಗ್‌ಮೋರ್ ಮಿಲ್ಲಿನಲ್ಲಿ ಬ್ರಯನ್ ಡಾಂಕಿನ್ ಸುಧಾರಿಸಿದ ಯಂತ್ರ ಓಡಿತು. ಆ ಯಂತ್ರದ ಹೊಟ್ಟೆ ತುಂಬಿಸಲು ಬಣ್ಣದ ಚಿಂದಿ, ಕೊಳಕು ಚಿಂದಿ, ಹಳೇ ಹಗ್ಗ ಎಲ್ಲವೂ ಬೇಕಾಯಿತು. ಕ್ಲೋರಿನ್ ಇದ್ದರೆ ಅದೆಲ್ಲವೂ ಬಿಳಿ ಕಾಗದ.

ಈಗ ಯಂತ್ರಕ್ಕೆ ಬರುತ್ತೇನೆ. ಮೊದಲು ಬಂದದ್ದು ಯಂತ್ರ ಅನ್ನುವುದಕ್ಕಿಂತ ಒಂದು ಕೋಣೆ. ಅರ್ಧ ಅರೆದ ಚಿಂದಿಗೆ ನಾವು ಅರೆ ತಿರುಳು ಅನ್ನೋಣ. ಅದನ್ನು ಹಿಂಡಿ, ಒದ್ದೆ ಇರುವಾಗಲೇ ಮರದ ಅಥವಾ ಕಲ್ಲಿನ ಮುಚ್ಚಿದ ಕೋಣೆಯೊಳಗೆ ಹಂತ ಹಂತವಾಗಿ ಹರಡುತ್ತಿದ್ದರು. ಪಕ್ಕದಲ್ಲಿ ಸೀಸದ ಪಾತ್ರೆ. ಅದರಲ್ಲಿ ಉಪ್ಪು, ಮ್ಯಾಂಗನೀಸ್ ಡಯಾಕ್ಸೈಡ್, ಸಲ್ಫ್ಯೂರಿಕ್ ಆಮ್ಲ ಹಾಕಿ ಬೆಚ್ಚಗೆ ಮಾಡಿದರೆ ಹಸಿರು ಹಳದಿ ಬಣ್ಣದ ಅನಿಲ ಏಳುತ್ತದೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಹಾಗಾಗಿ ಕೊಳವೆಯನ್ನು ಕೋಣೆಯ ಮೇಲ್ಭಾಗದಲ್ಲಿ ಕೂರಿಸಿ ಕೆಳಗೆ ಇಳಿಯಲು ಬಿಡುತ್ತಿದ್ದರು. ಕೆಲವು ಗಂಟೆ ಬಿಟ್ಟು ಬಾಗಿಲು ತೆಗೆದರೆ ಮುದ್ದೆಯ ಹೊರಮೈ ಹಾಲಿನ ಹಾಗೆ ಬೆಳ್ಳಗೆ, ಒಳಗೆ ಇನ್ನೂ ಕಂದು. ಒಳಗೂ ಬಿಳಿಯಾಗಲಿ ಅಂತ ಜಾಸ್ತಿ ಹೊತ್ತು ಬಿಟ್ಟರೆ ಹೊರಗಿನ ಎಳೆಗಳು ಸತ್ತೇಹೋಗುತ್ತಿದ್ದವು. ಬಾಗಿಲು ತೆಗೆಯುವ ಆಳಿನ ಎದೆಯ ಗತಿ ಏನಾಗಿರಬೇಡ. ಕ್ಲೋರಿನ್ ಒಂದೇ ಒಂದು ಸಲ ಸರಿಯಾಗಿ ಮೂಗಿಗೆ ಬಡಿದವರಿಗೆ ಗೊತ್ತು ಅದು.

ಇದರಲ್ಲಿ ದೊಡ್ಡ ತೊಂದರೆ ಇನ್ನೊಂದು. ಕ್ಲೋರಿನ್ ಒದ್ದೆ ತಿರುಳಿನ ಬಣ್ಣವನ್ನು ಸುಡುವಾಗ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಎಳೆಯ ಒಳಗೇ ಕೂರುತ್ತದೆ. ಎಳೆ ಅಂದರೆ ಸೆಲ್ಯುಲೋಸ್, ಉದ್ದನೆಯ ಸರಪಳಿ. ಆಮ್ಲ ಆ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಇವತ್ತು ಕತ್ತರಿಸಿದ್ದು ಇವತ್ತು ಕಾಣುವುದಿಲ್ಲ. ಹತ್ತಾರು ವರ್ಷ ಬಿಟ್ಟು ಯಾರೋ ಮೂಲೆ ಮಡಚಿದಾಗ ಕಾಣುತ್ತದೆ. ಅದೇ ನಿಮ್ಮ ಪುಸ್ತಕದಲ್ಲಿ ಆಗಿರುವುದು.

ಇದನ್ನು ಆಗಲೇ ಕಂಡು ಗಲಾಟೆ ಮಾಡಿದವರೂ ಇದ್ದರು. ಜಾನ್ ಮರ್ರೆ ಎಂಬ ವಿಜ್ಞಾನದ ಉಪನ್ಯಾಸಕ 1823ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಪತ್ರ ಬರೆದು ಹೊಸ ಕಾಗದದ ಸ್ಥಿತಿ ಬಗ್ಗೆ ಎಚ್ಚರಿಸಿದ. ಅವನ ಹತ್ತಿರ 1816ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಚ್ಚಾದ ಬೈಬಲ್ ಇತ್ತು. ಯಾರೂ ಬಳಸದೆ ಇಟ್ಟಿದ್ದ ಪ್ರತಿ, ಆದರೂ ಪುಡಿಯಾಗುತ್ತಿತ್ತು. ಹಾಳೆಯನ್ನು ನಾಲಗೆಗೆ ಮುಟ್ಟಿಸಿ ನೋಡಿದ, ಪಟಿಕದ ಒಗರು. ಲಿಟ್ಮಸ್ ಹಚ್ಚಿ ನೋಡಿದ, ಕೆಂಪಾಯಿತು. ಏಳೇ ವರ್ಷದ ಪುಸ್ತಕ ಅದು! ನಿಮ್ಮದು ಇನ್ನೂರು ವರ್ಷ ಬಾಳಿದೆ ಅಂದರೆ ಅದನ್ನು ಮಾಡಿದ ಮಿಲ್ಲಿನವರು ಅದಕ್ಕಿಂತ ಎಷ್ಟೋ ಚೆನ್ನಾಗಿ ತೊಳೆದಿದ್ದಾರೆ ಅಂತ ಅರ್ಥ.

ಅನಿಲದ ಕೋಣೆಗಿಂತ ಸುಲಭದ ದಾರಿ ಬಂದದ್ದು ಗ್ಲಾಸ್ಗೋದಿಂದ. ಅಲ್ಲಿನ ಚಾರ್ಲ್ಸ್ ಟೆನಂಟ್ 1799ರಲ್ಲಿ ಒಣ ಬ್ಲೀಚಿಂಗ್ ಪೌಡರ್‌ಗೆ ಪೇಟೆಂಟ್ ಪಡೆದ. ನೀರು ಚಿಮುಕಿಸಿ ಅರಳಿಸಿದ ಸುಣ್ಣದ ಪುಡಿಯ ಮೇಲೆ ಕ್ಲೋರಿನ್ ಹಾಯಿಸಿದರೆ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಪೀಪಾಯಿಯಲ್ಲಿ ತುಂಬಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ನಮ್ಮ ಪಂಚಾಯಿತಿಯವರು ಬಾವಿಗೆ, ಚರಂಡಿಗೆ ಹಾಕುವುದು ಇದೇ ಪುಡಿ. ಶುರುವಿನಲ್ಲಿ ಟನ್‌ಗೆ 140 ಪೌಂಡ್ ಬೆಲೆ ಇತ್ತು, ಆಮೇಲೆ ದಶಕದಿಂದ ದಶಕಕ್ಕೆ ಇಳಿಯುತ್ತಾ ಹೋಯಿತು. ಒಳ್ಳೆ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ನೂರಕ್ಕೆ 35 ಭಾಗದಷ್ಟು. ಗಾಳಿ, ತೇವ ಸೋಕಿದರೆ ಅದು ಹಾರಿಹೋಗುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಬರೀ ಸುಣ್ಣವಾಗಿಬಿಡುವುದು ಇದಕ್ಕೇ. ಈ ಪುಡಿ ತಯಾರಾಗುತ್ತಿದ್ದ ಕೋಣೆಗಳಲ್ಲಿ ಮನುಷ್ಯರು ಬಾಯಿ ಮೂಗಿಗೆ ಫ್ಲಾನೆಲ್ ಬಟ್ಟೆಯ ಪದರ ಪದರ ಸುತ್ತಿಕೊಂಡು ಒಳಗೆ ಹೋಗಿ ಸಲಿಕೆಯಲ್ಲಿ ತುಂಬುತ್ತಿದ್ದರು. ಬಿಳಿ ಹಾಳೆಯ ಕತೆಯಲ್ಲಿ ಅವರೂ ಇದ್ದಾರೆ.

ಪುಡಿಯನ್ನು ನೇರವಾಗಿ ತಿರುಳಿಗೆ ಸುರಿಯುತ್ತಿರಲಿಲ್ಲ. ಸೀಸ ಹೊದಿಸಿದ ತೊಟ್ಟಿಯಲ್ಲಿ ನೀರು ಹಾಕಿ, ರೆಕ್ಕೆಗಳಿದ್ದ ಕಡಗೋಲು ತಿರುಗಿಸಿ, ಆಮೇಲೆ ಅಲುಗಾಡಿಸದೆ ಬಿಡುವುದು. ಸುಣ್ಣ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಳಸುವುದು. ಬಾವಿಗೆ ಹಾಕುವಾಗ ಆರೋಗ್ಯ ಇಲಾಖೆಯವರು ಬಕೆಟ್‌ನಲ್ಲಿ ಕಲಸಿ ತಿಳಿ ಬಗ್ಗಿಸಿ ಅನ್ನುತ್ತಾರಲ್ಲ, ಥೇಟ್ ಹಾಗೆಯೇ. ಒಂದು ಸುಣ್ಣದ ಕಾಳು ತಿರುಳಿಗೆ ಸೇರಿದರೂ ಹಾಳೆಯಲ್ಲಿ ಚುಕ್ಕೆ ಬೀಳುತ್ತದೆ. ತಳದಲ್ಲಿ ಉಳಿದ ಗಸಿಯನ್ನು ಬಿಸಾಡುತ್ತಿರಲಿಲ್ಲ. ಅದಕ್ಕೆ ಇನ್ನೊಂದೆರಡು ಸಲ ನೀರು ಹಾಕಿ ತೆಗೆದ ಸಪ್ಪೆ ನೀರಿನಲ್ಲೇ ಮುಂದಿನ ಪುಡಿ ಕಲಸುತ್ತಿದ್ದರು.

ಇನ್ನು ಮುಖ್ಯ ಯಂತ್ರ, ಹಾಲೆಂಡರ್. ಹೆಸರೇ ಹೇಳುವ ಹಾಗೆ ಹಾಲೆಂಡಿನದು, ಹದಿನೇಳನೇ ಶತಮಾನದ ಕೊನೆಗೆ ಬಂದದ್ದು. ಅದಕ್ಕೂ ಮುಂಚೆ ಚಿಂದಿ ಕುಟ್ಟಲು ನೀರಿನ ಚಕ್ರದಿಂದ ಏಳುವ ದೊಡ್ಡ ಒನಕೆಗಳಿದ್ದವು. ಹಾಲೆಂಡರ್ ಅಂದರೆ ಮೊಟ್ಟೆಯಾಕಾರದ ಉದ್ದನೆಯ ತೊಟ್ಟಿ. ನಡುವೆ ಒಂದು ಗೋಡೆ, ಎರಡೂ ತುದಿ ಮುಟ್ಟದ ಹಾಗೆ. ಹಾಗಾಗಿ ಒಳಗೆ ಹಾಕಿದ್ದು ಗೋಡೆ ಸುತ್ತ ಪ್ರದಕ್ಷಿಣೆ ಬರುತ್ತದೆ. ಗೋಡೆಯ ಒಂದು ಮಗ್ಗುಲಲ್ಲಿ ಭಾರದ ಉರುಳೆ, ಅದರ ಮೈ ತುಂಬಾ ಅಡ್ಡಡ್ಡ ಅಲಗು. ಕೆಳಗೆ ತೊಟ್ಟಿಯ ತಳದಲ್ಲೂ ಅಲಗಿನ ಹಾಸು. ಎರಡರ ನಡುವೆ ಚಿಂದಿ ಸಿಕ್ಕಿ ಬಿಚ್ಚಿಕೊಳ್ಳುತ್ತದೆ. ಉರುಳೆ ಅದನ್ನು ಹಿಂದಿನ ದಿಬ್ಬದ ಮೇಲಿಂದ ಎತ್ತಿ ಹಾಕುತ್ತದೆ, ಇಳಿಜಾರಿನಲ್ಲಿ ಅದು ತಾನೇ ಹರಿದು ಸುತ್ತು ಬಂದು ಮತ್ತೆ ಉರುಳೆಯ ಮುಂದೆ ನಿಲ್ಲುತ್ತದೆ. ಉರುಳೆಯನ್ನು ಎಷ್ಟು ಇಳಿಸಬೇಕು ಅನ್ನುವುದರಲ್ಲೇ ಕೆಲಸಗಾರನ ಕೈಚಳಕ. ಗ್ರೈಂಡರ್‌ನಲ್ಲಿ ದೋಸೆ ಹಿಟ್ಟು ರುಬ್ಬುವಾಗ ನಾವು ಸದ್ದಿನಲ್ಲೇ ಹದ ಹೇಳುತ್ತೇವಲ್ಲ, ಅವರೂ ಸದ್ದು ಕೇಳಿಯೇ ಹೇಳುತ್ತಿದ್ದರು.

ಈ ಹಾಲೆಂಡರ್‌ಗೆ ತೊಳೆಯುವ ಡ್ರಮ್ ಸೇರಿಕೊಂಡದ್ದೇ ನನ್ನ ಮಟ್ಟಿಗೆ ದೊಡ್ಡ ಹೆಜ್ಜೆ. ಅದನ್ನು ಹತ್ತಿರದಿಂದ ನೋಡಬೇಕು. ಒಂದು ಪೀಪಾಯಿ ಊಹಿಸಿಕೊಳ್ಳಿ. ಅದರ ಸುತ್ತುಗೋಡೆ ಪೂರ್ತಿ ಸಣ್ಣ ಕಣ್ಣಿನ ತಂತಿ ಜಾಲರಿ. ಅದನ್ನು ತೊಟ್ಟಿಯ ಇನ್ನೊಂದು ಮಗ್ಗುಲಲ್ಲಿ ತಿರುಳಿನೊಳಗೆ ಅರ್ಧಂಬರ್ಧ ಮುಳುಗಿಸಿ ನಿಧಾನಕ್ಕೆ ತಿರುಗಿಸುತ್ತಾರೆ. ನೀರು ಜಾಲರಿಯೊಳಗೆ ನುಸುಳುತ್ತದೆ, ಎಳೆಗಳು ಹೊರಗೇ ಉಳಿಯುತ್ತವೆ. ಡ್ರಮ್ಮಿನ ಒಳಗೆ ಸೌಟಿನ ಹಾಗೆ ಬಾಗಿದ ತಗಡುಗಳಿರುತ್ತವೆ. ತಿರುಗುವಾಗ ಅವು ಒಳಗಿನ ಕೊಳೆ ನೀರನ್ನು ಮೊಗೆದು ಮೇಲೆತ್ತಿ ನಡುವಿನ ಟೊಳ್ಳು ಅಚ್ಚಿಗೆ ಸುರಿಯುತ್ತವೆ, ಅಲ್ಲಿಂದ ಅದು ತೊಟ್ಟಿಯ ಹೊರಗೆ ಹೋಗುತ್ತದೆ. ತೊಟ್ಟಿಯ ಇನ್ನೊಂದು ತುದಿಯಲ್ಲಿ ಹೊಸ ನೀರು ಬೀಳುತ್ತಲೇ ಇರುತ್ತದೆ. ತಿರುಳು ತೊಟ್ಟಿಯಲ್ಲೇ ಇರುತ್ತದೆ, ನೀರು ಮಾತ್ರ ಬದಲಾಗುತ್ತಾ ಹೋಗುತ್ತದೆ. ಸಾಕು ಅನ್ನಿಸಿದಾಗ ಡ್ರಮ್ಮನ್ನು ಮೇಲೆತ್ತಿದರೆ ಆಯಿತು. ಇದು ಬರುವ ಮುಂಚೆ ಉರುಳೆಯ ಮುಚ್ಚಳದಲ್ಲಿ ಒಂದು ಜರಡಿ ಕೂರಿಸಿ, ಉರುಳೆ ಎರಚಿದ ನೀರು ಅದರಿಂದ ಹೊರಗೆ ಹೋಗಲಿ ಅಂತ ಬಿಡುತ್ತಿದ್ದರು. ತೊಳೆಯಬೇಕಾದರೆ ಉರುಳೆ ಓಡಲೇಬೇಕು, ಓಡಿದರೆ ಎಳೆ ಕತ್ತರಿಸುತ್ತಲೇ ಇರುತ್ತದೆ. ಡ್ರಮ್ ಬಂದ ಮೇಲೆ ಎಳೆಗೆ ನೋವಾಗದ ಹಾಗೆ ಎಷ್ಟು ಹೊತ್ತು ಬೇಕಾದರೂ ತೊಳೆಯಬಹುದಾಯಿತು.

ಬ್ಲೀಚಿಂಗ್‌ಗೇ ಅಂತ ಮೀಸಲಿದ್ದ ಹಾಲೆಂಡರ್‌ಗೆ ಪೋಚರ್ ಅನ್ನುತ್ತಿದ್ದರು. ತೊಟ್ಟಿ ಅದೇ ಆಕಾರ, ಆದರೆ ಅಲಗಿನ ಉರುಳೆ ಜಾಗದಲ್ಲಿ ಹುಟ್ಟಿನ ಹಾಗಿರುವ ರೆಕ್ಕೆಗಳು. ಅದರ ಕೆಲಸ ಕತ್ತರಿಸುವುದಲ್ಲ, ತಳ್ಳುವುದು, ಕಲಸುವುದು. ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ತಿರುಳಿಗೆ ಇಳಿದರೆ ಕಂದು ಕಲೆ. ಅದಕ್ಕೇ ಜಾಲರಿ ಹಿತ್ತಾಳೆಯದೋ ಕಂಚಿನದೋ. ಚಿಂದಿಯನ್ನು ಮೊದಲು ಸುಣ್ಣ ಅಥವಾ ಸೋಡಾ ಹಾಕಿ ತಿರುಗುವ ದೊಡ್ಡ ಬಾಯ್ಲರಿನಲ್ಲಿ ಬೇಯಿಸಿ ಜಿಡ್ಡು ತೆಗೆಯುತ್ತಿದ್ದರು. ಅದೇ ಉಬ್ಬೆ, ಆದರೆ ಉಗಿಯ ಒತ್ತಡದಲ್ಲಿ. ಆಮೇಲೆ ಒಂದು ಹಾಲೆಂಡರ್‌ನಲ್ಲಿ ತೊಳೆದು ಬಿಚ್ಚುವುದು, ಪೋಚರ್‌ಗೆ ಬಿಡುವುದು, ತಿಳಿ ಬ್ಲೀಚ್ ಹಾಕುವುದು. ಅವಸರ ಇದ್ದರೆ ಉಗಿ ಹಾಯಿಸಿ ಬೆಚ್ಚಗೆ ಮಾಡುತ್ತಿದ್ದರು. ಅದಕ್ಕೂ ಮಿತಿ ಇದೆ, 38 ಡಿಗ್ರಿ ಆಚೀಚೆ ದಾಟಿದರೆ ಬಣ್ಣದ ಜೊತೆ ಎಳೆಯೂ ಹೋಗುತ್ತದೆ. ಒಂಚೂರು ಸಲ್ಫ್ಯೂರಿಕ್ ಆಮ್ಲ ಹನಿಸಿದರೂ ಬ್ಲೀಚ್ ಚುರುಕಾಗುತ್ತದೆ. ಬೇಗ ಮುಗಿಸುವ ಆಸೆಗೆ ಇದನ್ನು ಮಾಡಿದ ಮಿಲ್ಲುಗಳ ಕಾಗದ ಏನಾಗಿರುತ್ತದೆ ಅಂತ ನೀವೇ ಹೇಳಬಲ್ಲಿರಿ.

ಒಳ್ಳೆ ಮಿಲ್ಲುಗಳು ಅವಸರ ಮಾಡುತ್ತಿರಲಿಲ್ಲ. ಬ್ಲೀಚ್ ಬೆರೆಸಿದ ತಿರುಳನ್ನು ಕೆಳಗಿನ ಕಲ್ಲಿನ ಅಥವಾ ಇಟ್ಟಿಗೆಯ ಕೋಣೆಗೆ ಬಿಡುತ್ತಿದ್ದರು. ಅದಕ್ಕೆ ತೂತುಗಳಿರುವ ಹೆಂಚಿನ ನೆಲ. ತಿರುಳು ಅಲ್ಲಿ ದಿನಗಟ್ಟಲೆ ಸುಮ್ಮನೆ ಕೂತು ನಿಧಾನಕ್ಕೆ ಬೆಳ್ಳಗಾಗುತ್ತಾ ನೀರು ಬಿಡುತ್ತಿತ್ತು. ಸೋರಿದ ಬ್ಲೀಚ್ ನೀರಿನಲ್ಲಿ ಇನ್ನೂ ಸತ್ವ ಇರುತ್ತಿತ್ತು, ಅದು ಮುಂದಿನ ಕಂತಿಗೆ. ಕೊನೆಗೆ ಗಟ್ಟಿಯಾದ ತಿರುಳನ್ನು ಆಳುಗಳು ಅಗೆದು ತೆಗೆದು ಮತ್ತೆ ಹಾಲೆಂಡರ್‌ಗೆ ಹಾಕಿ ತೊಳೆಯುವುದು. ಈ ಕೋಣೆಗಳು ಎಷ್ಟು ಜಾಗ ತಿನ್ನುತ್ತಿದ್ದವು, ಎಷ್ಟು ದಿನ ಬಂಡವಾಳ ಕಟ್ಟಿಹಾಕುತ್ತಿದ್ದವು ಅಂದರೆ ಮಾಲೀಕರಿಗೆ ಅದು ಯಾವಾಗಲೂ ಕಣ್ಣಿಗೆ ಚುಚ್ಚುತ್ತಿತ್ತು. ಆದರೆ ಎಳೆಯ ಬಲ ಉಳಿಸಲು ಅದಕ್ಕಿಂತ ಒಳ್ಳೆ ಉಪಾಯ ಆಗ ಇರಲಿಲ್ಲ ಅಂತಲೇ ನಾನು ಹೇಳುವುದು.

ತೊಳೆದದ್ದು ಸಾಕಾಯಿತಾ ಅಂತ ತಿಳಿಯುವುದು ಹೇಗೆ? ಗಂಜಿ ಮತ್ತು ಪೊಟ್ಯಾಶಿಯಂ ಅಯೋಡೈಡ್. ನಾನೂ ಇದನ್ನೇ ಸಾವಿರಾರು ಸಲ ಮಾಡಿದ್ದೇನೆ. ಒಂದು ಹಿಡಿ ತಿರುಳು ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಬೇಕು, ಬೆರಳ ಸಂದಿಯಿಂದ ನೀರು ನಿಲ್ಲುವವರೆಗೆ. ಆ ಉಂಡೆಯನ್ನು ಬಿಳಿ ಪಿಂಗಾಣಿ ಬಟ್ಟಲಲ್ಲಿ ಮುರಿದು, ಮುರಿದ ಜಾಗಕ್ಕೆ ಎರಡು ಹನಿ ಬಿಡಬೇಕು. ಕ್ಲೋರಿನ್ ಒಂಚೂರು ಉಳಿದಿದ್ದರೂ ಕಡುನೀಲಿ ಏಳುತ್ತದೆ. ಉಂಡೆಯ ಹೊರಗೆ ಹನಿಸಿ ಬಿಳಿ ಇದೆ ಅಂತ ಬಿಟ್ಟುಬಿಡುವವರು ಇದ್ದಾರೆ. ಒಳಗೆ ಮುರಿದು ನೋಡಿ ಅಂತ ನಾನು ಹೊಸಬರಿಗೆ ಬೇಜಾರಾಗುವಷ್ಟು ಸಲ ಹೇಳುತ್ತಿದ್ದೆ.

ನೀರು ಉಳಿಸಲು ಇನ್ನೊಂದು ದಾರಿಯೂ ಇತ್ತು. ಉಳಿದ ಕ್ಲೋರಿನ್ನನ್ನು ಕೊಲ್ಲುವ ಮದ್ದು ಹಾಕುವುದು, ಅದಕ್ಕೆ ಆಂಟಿಕ್ಲೋರ್ ಅಂತ ಹೆಸರು. ಜಾಸ್ತಿ ಬಳಸಿದ್ದು ಹೈಪೋ, ಹಳೇ ಫೋಟೋ ಸ್ಟುಡಿಯೋಗಳಲ್ಲಿ ಇರುತ್ತಿತ್ತಲ್ಲ, ಅದೇ. ಹಾಕಿದ ತಕ್ಷಣ ನೀಲಿ ಏಳುವುದು ನಿಲ್ಲುತ್ತದೆ. ಪರೀಕ್ಷೆ ಪಾಸು. ಆದರೆ ಹೈಪೋ ಕ್ಲೋರಿನ್ನನ್ನು ಕೊಲ್ಲುವಾಗ ಸಲ್ಫ್ಯೂರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳು ಹುಟ್ಟಬಹುದು. ಅವನ್ನೂ ತೊಳೆಯಬೇಕು! ತೊಳೆಯದೆ ತಪ್ಪಿಸಿಕೊಳ್ಳಲು ಹಾಕಿದ ಮದ್ದು ಮತ್ತೆ ತೊಳೆಯಲೇಬೇಕಾದ ಸ್ಥಿತಿಗೆ ತಂದು ನಿಲ್ಲಿಸುತ್ತದೆ.

ನನ್ನ ಕಣ್ಣೆದುರೇ ಆದದ್ದು ಒಂದು ಹೇಳುತ್ತೇನೆ. ನಾನು ಕೆಲಸ ಕಲಿಯುತ್ತಿದ್ದ ಮಿಲ್ಲಿನಲ್ಲಿ ಒಂದು ಬೇಸಿಗೆ, ಹೊಳೆಯಲ್ಲಿ ನೀರು ಕಮ್ಮಿ. ರಾತ್ರಿ ಪಾಳಿಯಲ್ಲಿ ತೊಳೆಯುವ ನೀರನ್ನು ಅರ್ಧಕ್ಕೆ ಇಳಿಸಿದೆವು. ನಾನೂ ಅದಕ್ಕೆ ಹೂಂ ಅಂದವನೇ. ಬಿಳುಪಿನ ಅಳತೆ ಚೆನ್ನಾಗಿತ್ತು, ರೀಲುಗಳು ಹೋದವು. ಕೆಲವು ತಿಂಗಳು ಬಿಟ್ಟು ಹಾಳೆಗಳು ವಾಪಸ್ ಬಂದವು. ಕಟ್ಟಿನ ಅಂಚು ಹಳದಿ, ಮಡಿಕೆ ಬಿದ್ದಲ್ಲೆಲ್ಲ ಸೀಳು. ಆ ಕಟ್ಟನ್ನು ಬಿಚ್ಚಿದಾಗ ಬಂದ ಹುಳಿ ವಾಸನೆ ಇನ್ನೂ ನೆನಪಿದೆ. ಇನ್ನೂರು ವರ್ಷದ ಹಿಂದಿನ ತಪ್ಪನ್ನು ಎಲ್ಲ ಗೊತ್ತಿದ್ದೂ ನಾವು ಮತ್ತೆ ಮಾಡಿದ್ದೆವು.

1850ರ ದಶಕದ ಕೊನೆಗೆ ಚಿಂದಿಗೆ ಬದಲು ಹುಲ್ಲು ಬಂತು. ಇಂಗ್ಲೆಂಡಿನ ಐನ್ಶಮ್ ಮಿಲ್ಲಿನಲ್ಲಿ ಥಾಮಸ್ ರೂಟ್ಲೆಜ್ ಎಂಬಾತ ಸ್ಪೇನ್ ಮತ್ತು ಉತ್ತರ ಆಫ್ರಿಕಾದಲ್ಲಿ ಬೆಳೆಯುವ ಎಸ್ಪಾರ್ಟೋ ಹುಲ್ಲಿನಿಂದ ಕಾಗದ ಮಾಡಿ ಗೆದ್ದ. ಆದರೆ ಹುಲ್ಲಿಗೆ ಬ್ಲೀಚ್ ಹಸಿವು ಜಾಸ್ತಿ. ಒಳ್ಳೆ ಚಿಂದಿಗೆ ನೂರಕ್ಕೆ 2ರಿಂದ 5 ಭಾಗ ಪುಡಿ ಸಾಕಾದರೆ, ಎಸ್ಪಾರ್ಟೋಗೆ 10ರಿಂದ 15 ಭಾಗ. ಅಷ್ಟು ಬ್ಲೀಚ್ ಹಾಕಿದ ಮೇಲೆ ಹಳೇ ಪೋಚರ್ ಸಾಲದು, ನೀರೂ ಸಾಲದು. ಆಗ ಎತ್ತರದ ಬ್ಲೀಚಿಂಗ್ ಗೋಪುರಗಳು ಬಂದವು. ತಿರುಳನ್ನು ತಳದಿಂದ ಪಂಪ್ ಮೇಲಕ್ಕೆ ಎತ್ತುತ್ತದೆ, ಅದು ಮತ್ತೆ ಕೆಳಗೆ ಇಳಿಯುತ್ತದೆ. ಜರ್ಮನಿಯ ಬೆಲ್ಮರ್ ಮನೆತನದವರ ಯಂತ್ರದಲ್ಲಿ ಉದ್ದನೆಯ ಕಾಲುವೆಗಳ ಒಳಗೆ ಪ್ರೊಪೆಲ್ಲರ್ ಗಟ್ಟಿ ತಿರುಳನ್ನು ತಳ್ಳುತ್ತಿತ್ತು. ಇವುಗಳ ಗುಟ್ಟು ಒಂದೇ. ಪೋಚರ್‌ನಲ್ಲಿ ತಿರುಳು ಮಜ್ಜಿಗೆ ಹಾಗೆ ತೆಳ್ಳಗಿರಬೇಕು, ಇಲ್ಲದಿದ್ದರೆ ಸುತ್ತು ಬರುವುದಿಲ್ಲ. ಇಲ್ಲಿ ಅಂಬಲಿ ಹಾಗೆ ಗಟ್ಟಿ ಇದ್ದರೂ ನಡೆಯುತ್ತದೆ. ನೀರು ಕಮ್ಮಿ ಅಂದರೆ ಅಷ್ಟೇ ಬ್ಲೀಚ್ ಗಡುಸಾಗಿ ಎಳೆಗೆ ತಾಗುತ್ತದೆ, ಉಗಿ ಉಳಿಯುತ್ತದೆ, ಪುಡಿಯೂ ಉಳಿಯುತ್ತದೆ. ಇದೇ ರೂಟ್ಲೆಜ್ 1875ರಲ್ಲಿ ಬಿದಿರಿನಿಂದ ಕಾಗದ ಮಾಡಬಹುದು ಅಂತ ಬರೆದ. ನಮ್ಮ ಭದ್ರಾವತಿಯ ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಗಿ ಮಲೆನಾಡಿನ ಬಿದಿರನ್ನೇ ನಂಬಿ ನಡೆದದ್ದು ಆ ದಾರಿಯ ಮುಂದುವರಿಕೆ. ಬಿದಿರು ಬೆಳ್ಳಗಾಗುವುದು ಹುಲ್ಲಿಗಿಂತಲೂ ಕಷ್ಟ, ಆ ಕತೆ ಇನ್ನೊಮ್ಮೆ.

ನಿಮ್ಮ 1890ರ ಕಂದು ಪುಸ್ತಕದ ವಿಷಯಕ್ಕೆ ಬಂದರೆ ಅಲ್ಲಿ ಬ್ಲೀಚಿಂಗ್ ಮೇಲೆ ತಪ್ಪು ಹೊರಿಸಬೇಡಿ. ಅಷ್ಟು ಕಂದಾಗಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಅರೆದ ಮರದ ತಿರುಳು ಇರಬೇಕು. 1840ರ ದಶಕದಲ್ಲಿ ಜರ್ಮನಿಯ ಕೆಲ್ಲರ್ ಮರದ ತುಂಡನ್ನು ಒದ್ದೆ ಸಾಣೆಕಲ್ಲಿಗೆ ಒತ್ತಿ ಅರೆಯುವುದನ್ನು ಕಂಡುಹಿಡಿದ ಮೇಲೆ ಅಗ್ಗದ ಕಾಗದವೆಲ್ಲ ಅದೇ ಆಯಿತು. ಅದರಲ್ಲಿ ಮರದ ಲಿಗ್ನಿನ್, ಅಂದರೆ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಪದಾರ್ಥ, ಪೂರ್ತಿ ಹಾಗೇ ಇರುತ್ತದೆ. ಕ್ಲೋರಿನ್ ಹಾಕಿದರೆ ಲಿಗ್ನಿನ್ ಅದನ್ನು ಸುಮ್ನೆ ನುಂಗಿಹಾಕುತ್ತದೆ, ತಿರುಳು ಬಿಳಿಯಾಗುವ ಬದಲು ಹಳದಿಯಾಗುತ್ತದೆ. ಹಾಗಾಗಿ ಆಗಿನವರು ಅದನ್ನು ಬ್ಲೀಚ್ ಮಾಡುತ್ತಲೇ ಇರಲಿಲ್ಲ. ನೀವು ಅದ್ದಿದರೂ ಅದೇ ಕತೆ. ಇದರ ಜೊತೆಗೆ ಪಟಿಕ ಮತ್ತು ರಾಳದ ಅಂಟು. 1807ರಲ್ಲಿ ಜರ್ಮನಿಯ ಇಲ್ಲಿಗ್ ಪ್ರಕಟಿಸಿದ ಈ ಕ್ರಮ ಜಿಲೆಟಿನ್‌ಗಿಂತ ಅಗ್ಗ, ಯಂತ್ರಕ್ಕೆ ಹೇಳಿ ಮಾಡಿಸಿದ್ದು, ಆದರೆ ಪಟಿಕ ಕಾಲ ಕಳೆದ ಹಾಗೆ ಆಮ್ಲ ಬಿಡುತ್ತದೆ. ನಿಮ್ಮ 1820ರ ಪುಸ್ತಕದಲ್ಲೂ ಪಟಿಕ ಇರಬಹುದು, ಜಿಲೆಟಿನ್ ಕೆಡದಿರಲಿ ಅಂತ ಅದಕ್ಕೂ ಬೆರೆಸುತ್ತಿದ್ದರು. ಹಾಗಾಗಿ ಅಲ್ಲೂ ಎಲ್ಲ ಅಪರಾಧ ಕ್ಲೋರಿನ್‌ದೇ ಅಂತ ಪ್ರಮಾಣ ಮಾಡಿ ಹೇಳಲಾಗುವುದಿಲ್ಲ. ಬೆಳ್ಳಗಿದ್ದೂ ಮುರಿಯುತ್ತದೆ ಅಂತ ನೀವು ಹೇಳಿದ್ದು ಮಾತ್ರ ನನಗೆ ಕ್ಲೋರಿನ್ ಕಡೆಗೇ ಬೊಟ್ಟು ಮಾಡುತ್ತದೆ.

ಈಗ ನೀವು ಅದ್ದಿದರೆ ಏನಾಗುತ್ತದೆ ಅಂತ ಕಾಣುತ್ತಿದೆ ಅಲ್ವಾ? ಮನೆಯಲ್ಲಿ ನಿಮ್ಮ ಹತ್ತಿರ ಬ್ಲೀಚ್ ಇದೆ, ಡ್ರಮ್ ಇಲ್ಲ. ಹಾಳೆಯಾಗಿ ಒತ್ತಿ ಒಣಗಿದ ಎಳೆಗಳ ಒಳಗಿಂದ ಅದನ್ನು ತೆಗೆಯುವುದು ತೇಲಾಡುವ ತಿರುಳಿನಿಂದ ತೆಗೆಯುವುದಕ್ಕಿಂತ ಎಷ್ಟೋ ಕಷ್ಟ. 1890ರ ಹಾಳೆಯಂತೂ ಒದ್ದೆಯಾದರೆ ಎತ್ತುವಾಗಲೇ ಕೈಯಲ್ಲಿ ಹರಿಯುತ್ತದೆ. ಅದನ್ನು ಮೊದಲು ಫೋಟೋ ತೆಗೆದು ಅಥವಾ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಪೂರ್ತಿ ಅಗಲಕ್ಕೆ ಬಿಚ್ಚಬೇಡಿ. ಆಮೇಲೆ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಅಟ್ಟ ಬೇಡ, ಹೆಂಚಿನ ಕೆಳಗಿನ ಬಿಸಿಯೂ ಮಳೆಗಾಲದ ತೇವವೂ ಆಮ್ಲದ ಕೆಲಸವನ್ನು ಚುರುಕು ಮಾಡುತ್ತವೆ. ಬೇರೆ ಪುಸ್ತಕಕ್ಕೆ ತಾಗಿಸಿ ಇಡಬೇಡಿ, ಆಮ್ಲ ಪಕ್ಕದ ಹಾಳೆಗೂ ಇಳಿಯುತ್ತದೆ. 1820ರದ್ದನ್ನು ಕಾಗದ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ. ಅವರು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣದ ನೀರಿನಲ್ಲಿ ಆಮ್ಲ ತೆಗೆಯಬಲ್ಲರು, ಮುರಿದ ಎಳೆ ಮತ್ತೆ ಕೂಡುವುದಿಲ್ಲ, ಆದರೆ ಮುಂದೆ ಮುರಿಯುವುದು ನಿಧಾನವಾಗುತ್ತದೆ. 1770ರದ್ದಕ್ಕೆ ಏನೂ ಮಾಡಬೇಕಿಲ್ಲ. ಮೆತ್ತನೆ ಬ್ರಷ್‌ನಲ್ಲಿ ದೂಳು ತೆಗೆದು, ಕೈ ತೊಳೆದು ಒರೆಸಿಕೊಂಡು, ಓದಿ.